ಗಂಟಿನಲ್ಲಿ ಬಂದ ಮತ

ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಹಿಂದಿರುವ ನಮ್ಮ ಮನೆಯಲ್ಲಿ, ಲಾರಿಗಳ ಗದ್ದಲವನ್ನು ಮೀರಿಸಲು ಟಿವಿಯ ದನಿಯನ್ನು ಪೂರ್ತಿ ಏರಿಸುವುದು ರೂಢಿ. ಮೊನ್ನೆ ಹಾಗೆ ಏರಿಸಿದ ದನಿಯಲ್ಲಿ ಅಂತಾರಾಷ್ಟ್ರೀಯ ಗಾಯನ ಸ್ಪರ್ಧೆಯೊಂದು ಮೊಳಗುತ್ತಿತ್ತು. ದೇಶಕ್ಕೊಂದು ಹಾಡು; ಎಲ್ಲರೂ ಹಾಡಿದ ಮೇಲೆ ಪ್ರತಿ ದೇಶವೂ ಉಳಿದವರಿಗೆ ಮತ ನೀಡಬೇಕು, ತನಗೆ ತಾನು ನೀಡಿಕೊಳ್ಳುವಂತಿಲ್ಲ. ಭಾಲ್ಕಿಯಿಂದ ರಜೆಗೆ ಬಂದಿರುವ ಪುಟ್ಟ ಮೊಮ್ಮಗಳಿಗೆ ಇದು ಶುದ್ಧ ಅನ್ಯಾಯವೆನಿಸಿತು.

“ಯಾಕ ಮುತ್ಯಾ, ತಮ್ಮ ಹಾಡು ತಮಗ ಛಂದ ಅನಸಂಗಿಲ್ಲೇನು?”

ಅನಿಸುತ್ತದೆ ಎಂಬುದೇ ತೊಂದರೆ. ಬಚ್ಚಲಲ್ಲಿ ಹಾಡಿಕೊಳ್ಳುವಾಗ ನಾನೂ ಗಾನಗಂಧರ್ವನೇ; ಹೊರಗೆ ಬಿಂದಿಗೆ ಹಿಡಿದು ಕಾಯುವ ನಿನ್ನ ಅಜ್ಜಿಯ ಅಭಿಪ್ರಾಯ ಬೇರೆ ಎಂದು ವಿವರಿಸಿದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ವಿವರಣೆ ಸೋತಲ್ಲಿ ಕಥೆಗಿಳಿಯುವುದು ನಿವೃತ್ತ ಮಾಸ್ತರರ ಚಾಳಿಯಾದ್ದರಿಂದ, ಓದುಗರೇ, ನೀವೂ ಸ್ವಲ್ಪ ಸಹಿಸಿಕೊಳ್ಳಬೇಕು.

ಔರಾದ್ ತಾಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ನಾನಿದ್ದಾಗ ಮಳೆ ಕೈಕೊಟ್ಟ ವರ್ಷವೊಂದು ಬಂತು. ದಸರೆ ಮುಗಿದದ್ದೇ ತಡ, ಜನ ಕಬ್ಬು ಕಡಿಯಲು ಪುಣೆಯ ಕಡೆ ಗುಳೆ ಹೊರಟರು. ನನ್ನ ತರಗತಿ ಕೃಷ್ಣಪಕ್ಷದ ಚಂದ್ರನಂತೆ ಕರಗತೊಡಗಿತು. ಉಳಿದ ಮಕ್ಕಳನ್ನು ನಗಿಸಲೆಂದು ಇಂಥದೇ ಸ್ಪರ್ಧೆ ಹೂಡಿದೆ. ಓಣಿಯೇ ದೇಶ, ಹುಣಸೆ ಬೀಜವೇ ಮತ. ತಲೆಗೊಂದು ಬೀಜ, ತಮ್ಮ ಓಣಿಯ ತಟ್ಟೆಗೆ ಹಾಕಿಕೊಳ್ಳುವಂತಿಲ್ಲ.

ಕೆರೆ ಓಣಿಯೆಂಬ ದೇಶದಲ್ಲಿ ಉಳಿದಿದ್ದವಳು ಸುಜಾತಾ ಒಬ್ಬಳೇ. ಅವಳ ಮನೆಯವರೂ ಅಂದೇ ಹೊರಡುವವರು. ಯಾರು ಗೆದ್ದರೆಂದು ಕೇಳಿಯೇ ಹೋಗುತ್ತೇನೆಂದು ಅಪ್ಪನ ಹತ್ತಿರ ಹಟ ಹಿಡಿದು ಬಂದಿದ್ದಳು. ಅಗಸಿ ಓಣಿಯ ಪಾರ್ವತಿ ಗೆಳತಿಯರನ್ನು ಕಟ್ಟಿಕೊಂಡು ಕೋಲಾಟದ ಪದ ಹಾಡಿದಳು. ಸುಜಾತಾ ಒಬ್ಬಳೇ ನಿಂತು ಬೀಸುವ ಪದ ಹಾಡಿದಳು. ಬೀಜ ಹಂಚಿ ಮುಗಿಸಿದ್ದೆ, ಹೊರಗೆ ಟ್ರ್ಯಾಕ್ಟರಿನ ಹಾರ್ನ್ ಕೇಳಿಸಿತು. ಅವಳಪ್ಪ ಬಾಗಿಲಿಗೆ ಬಂದ.

“ಎಲ್ಲಾರೂ ಏರಿ ಕುಂತಾರ, ನಡಿಯವ್ವಾ.”

ಅವಳು ನನ್ನ ಮುಖ ನೋಡಿದಳು. ಟ್ರ್ಯಾಕ್ಟರನ್ನು ನಿಲ್ಲಿಸುವ ಅಧಿಕಾರವನ್ನು ಯಾವ ಸುತ್ತೋಲೆಯೂ ನನಗೆ ದಯಪಾಲಿಸಿರಲಿಲ್ಲ. ಅವಳು ಹೋದಳು, ನನಗೆ ಬಹಳ ಸಂಕಟವಾಯಿತು. ಉಳಿದವರು ಹಾಕಿದ ಬೀಜ ಎಣಿಸಿ ನೋಡಿದರೆ ಒಂದೇ ಬೀಜದಿಂದ ಅವಳೇ ಗೆದ್ದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದೆವು, ಕೇಳಬೇಕಾದವಳೇ ಇರಲಿಲ್ಲ.

ಯುಗಾದಿಯ ಹೊತ್ತಿಗೆ ಮರಳಿ ಬಂದವಳು, ಪಾಟಿಚೀಲ ಇಳಿಸುವ ಮೊದಲೇ ಕೇಳಿದಳು: “ಸರ್, ಯಾರು ಗೆದ್ದಾರ್ರಿ?”

“ನೀನೇ ನೋಡವ್ವಾ. ಪಾರ್ವತಿಕಿಂತ ಒಂದು ಬೀಜ ಜಾಸ್ತಿ.”

ಮುಖ ಊರಗಲವಾಯಿತು. ಆಮೇಲೆ ಲಂಗದ ತುದಿಯಲ್ಲಿದ್ದ ಗಂಟೊಂದನ್ನು ಹಲ್ಲಿನಿಂದ ಬಿಚ್ಚಿದಳು. ಅಂದು ಕೊಟ್ಟ ಹುಣಸೆ ಬೀಜ! ಕಬ್ಬಿನ ಗದ್ದೆಗಳನ್ನೆಲ್ಲ ಸುತ್ತಿ ಬಂದು ನುಣ್ಣಗೆ ಹೊಳೆಯುತ್ತಿತ್ತು.

“ನಂದು ಹಾಕೋದು ಉಳದದರಿ ಸರ್. ಅಗಸಿ ಓಣಿದು ಛಲೋ ಇತ್ತು,” ಎಂದವಳೇ ಅದನ್ನು ಪಾರ್ವತಿಯ ಪಾಟಿಯ ಮೇಲಿಟ್ಟಳು. ಇಬ್ಬರೂ ಸಮಸಮವಾದರು.

ಮೊಮ್ಮಗಳು ಎದ್ದುಹೋಗಿ ಟಿವಿಯ ದನಿಯನ್ನು ಪೂರ್ತಿ ಇಳಿಸಿದಳು.

“ಮುತ್ಯಾ, ಈಗ ನೀ ಹಾಡು. ಆದ್ರ ನಾ ನಿನಗ ಓಟ್ ಹಾಕಂಗಿಲ್ಲ, ನಾವು ಒಂದೇ ಮನಿಯವರು.”

ಹೊರಗೆ ಲಾರಿಯೊಂದು ಹಾರ್ನ್ ಹೊಡೆಯಿತು. ಅದನ್ನೇ ನೆರೆಯವರ ಮತವೆಂದು ಸ್ವೀಕರಿಸಿ, ನಾನು ಬೀಸುವ ಪದವನ್ನೆತ್ತಿಕೊಂಡೆ.