ರತೀಬಾ ಎಂಬ ಬಡಾವಣೆ

ಕೈರೋದ ಅಂಚಿನಲ್ಲಿ, ಮರಳು ಶುರುವಾಗುವ ಕಡೆ ಇರುವ ನಮ್ಮ ಬಡಾವಣೆಗೆ ರತೀಬಾ ಎಂದು ಹೆಸರು ಬಂದದ್ದು ನಮ್ಮಂಥ ವ್ಯಾನ್ ಡ್ರೈವರುಗಳ ಬಾಯಿಂದ. ಬೆರಳೆಣಿಕೆಯಷ್ಟು ಮನೆಗಳಿದ್ದಾಗ ಅಲ್ಲಿ ಗುರುತಿಗೆಂದು ಇದ್ದದ್ದು ಒಬ್ಬ ವಿಧವೆಯ ಚಹಾದ ಒಲೆ ಮಾತ್ರ. "ಎಲ್ಲಿಳೀತೀಯಪ್ಪ?" ಅಂದರೆ "ರತೀಬಾ ಹತ್ರ" ಅನ್ನುತ್ತಿದ್ದರು. ಮನೆಗಳು ಸಾವಿರವಾದವು, ಹೆಸರು ಹಾಗೇ ನಿಂತಿತು. ಹೊಸಬರು ಯಾರೋ ಹಳೇ ಕಾಲದ ಪುಣ್ಯಾತ್ಗಿತ್ತಿ ಅಂದುಕೊಂಡು, "ರತೀಬಾಳ ಗೋರಿ ಎಲ್ಲಿದೆ?" ಎಂದು ಅವಳನ್ನೇ ಕೇಳುತ್ತಿದ್ದರು.

"ಇನ್ನೂ ತೋಡಿಲ್ಲ, ಚಾ ಕುಡೀರಿ" ಅನ್ನುತ್ತಿದ್ದಳು.

ಅವಳ ಮಗ, ಕ್ಷೌರದಂಗಡಿಯ ಶಹಾತನಿಗೆ ಮಾತ್ರ ಇದು ಮೈಯುರಿ. ನಮ್ಮಲ್ಲಿ ಗಂಡಸಾದವನು ತಾಯಿಯ ಹೆಸರನ್ನು ಹೊರಗಿನವರ ಕಿವಿಗೆ ಬೀಳಗೊಡುವುದಿಲ್ಲ. ಇಂಥವನ ತಾಯಿ ಅಂದರೆ ಮುಗಿಯಿತು. ಅವನಿಗೋ ಬೆಳಗಾದರೆ ಬೀದಿ ತುಂಬ, ಜನ ಹತ್ತಿಸಲು ನಾವು ಕೂಗುವ ಅದೇ ಹೆಸರು. ಒಂದು ದಿನ ಬಂದು ನನ್ನ ಕೊರಳಪಟ್ಟಿ ಹಿಡಿದ.

"ಬಾಯ್ ಮುಚ್ಚೋ! ನಮ್ಮಮ್ಮನ ಹೆಸರೇನು ಸಂತೆ ಸೊಪ್ಪಾ?"

"ನಿಮ್ಮಮ್ಮನ್ನ ಯಾರಯ್ಯ ಕರೆದ್ರು? ನಾನು ಜನ ಹತ್ತಿಸ್ಕೋತಿದೀನಿ!"

ಅವನ ಮೂಗು ನಾನು ಒಡೆದೆ, ನನ್ನ ವ್ಯಾನಿನ ಗಾಜು ಅವನು ಒಡೆದ. ಸಂಜೆ ಮುದುಕಿಯೇ ಸ್ಟ್ಯಾಂಡಿಗೆ ಬಂದಳು.

"ಇನ್ಮೇಲೆ 'ಶಹಾತನ ತಾಯಿ' ಅಂತ ಕೂಗ್ರಪ್ಪಾ. ನನ್ನ ಮಗ ತಲೆ ಎತ್ಕೊಂಡು ಓಡಾಡ್ಲಿ."

"ನಿಮಗೆ ಬೇಜಾರಿಲ್ವಾ ಅಮ್ಮಾ?"

"ಇದೆ ಕಣೋ. ನನ್ನ ಗಂಡನೂ ಹೆಸರು ಹಿಡಿದು ಕರೀಲಿಲ್ಲ. ನೀವು ಕೂಗೋವಾಗ ಚೆನ್ನಾಗಿರ್ತಿತ್ತು."

ಆಯ್ತು ಅಂದೆವು. ಅವನ ಅಂಗಡಿ ಮುಂದೆ ಮಾತ್ರ ಹೊಸ ಹೆಸರು, ದಾಟಿದ ಮೇಲೆ ಹಳೇದೇ.

ಕಳೆದ ಚಳಿಗಾಲ ಅವಳು ತೀರಿಕೊಂಡಳು. ಮಸೀದಿಯ ಮೈಕಿನಲ್ಲೂ ಶಹಾತ ತನ್ನ ಹಟವನ್ನೇ ಸಾಧಿಸಿದ: "ಶಹಾತನ ತಾಯಿ ತೀರಿಕೊಂಡಿದ್ದಾರೆ." ನಮ್ಮಲ್ಲಿ ಶಹಾತರಿಗೇನು ಬರವೇ? ಮಧ್ಯಾಹ್ನದ ನಮಾಜು ಮುಗಿದದ್ದೇ ಜನ ಅವರವರ ಕೆಲಸಕ್ಕೆ ಹೋದರು. ಹೆಣದ ಪೆಟ್ಟಿಗೆಯ ಹಿಂದೆ ಉಳಿದದ್ದು ಅಕ್ಕಪಕ್ಕದವರು ಮತ್ತು ನಾವು ಕೆಲವು ಡ್ರೈವರುಗಳು.

"ಇಡೀ ಊರಿಗೆ ಚಾ ಕೊಟ್ಟೋಳು. ಜನ ಎಲ್ಲಣ್ಣ?" ಎಂದು ಶಹಾತ ನನ್ನನ್ನು ಕೇಳಿದ.

"ಗೊತ್ತಾದ್ರೆ ತಾನೆ ಬರೋದು? ಶಹಾತನ ತಾಯಿ ಯಾರು ಅಂತ ಯಾರಿಗೆ ಗೊತ್ತು?" ಅಂದೆ. ನನಗೂ ಸಿಟ್ಟು ಬಂದಿತ್ತು.

ಅವನು ಪೆಟ್ಟಿಗೆಯನ್ನು ಇನ್ನೊಬ್ಬನ ಹೆಗಲಿಗೆ ಕೊಟ್ಟು, ಸ್ಟ್ಯಾಂಡಿಗೆ ಓಡಿ, ತುಂಬಿ ಹೊರಟಿದ್ದ ವ್ಯಾನಿಗೆ ಅಡ್ಡ ನಿಂತು, ಗಂಟಲು ಹರಿಯುವಂತೆ ಕೂಗಿದ:

"ರತೀಬಾ! ರತೀಬಾ ಹೋಗ್ಬಿಟ್ಳು! ನಮ್ಮಮ್ಮ, ರತೀಬಾ!"

ವ್ಯಾನಿನಲ್ಲಿದ್ದವರೆಲ್ಲ ಇಳಿದರು.