ಇಳಕಲ್ಲಿನಲ್ಲಿ ಮಾಂತೇಶನಿಗೆ ಕೊಟ್ಟ ಕುರ್ಚಿ

ಬೆಳಿಗ್ಗೆ ಆರೂವರೆಗೆ ಬಾದಾಮಿ ಬಸ್ ನಿಲ್ದಾಣದ ಎದುರಿನಿಂದ ನಮ್ಮ ಕ್ರೂಸರ್ ಹೊರಟಿತು. ಹೋಗಿ ಬರುವುದು ಸೇರಿ ತಲೆಗೆ ಮುನ್ನೂರು ರೂಪಾಯಿ, ಚಹಾ ನಾಷ್ಟಾ ಅವರವರದು. ಇಳಕಲ್ಲಿಗೆ ಎಂಬತ್ತು ಕಿಲೋಮೀಟರಿನಷ್ಟು ದಾರಿ. ಚಳಿ ಹೋಗಿರಲಿಲ್ಲ, ಬಿಸಿಲು ಬಂದಿರಲಿಲ್ಲ. ಹೊಲಗಳಲ್ಲಿ ಬಿಳಿಜೋಳದ ಕೊಯ್ಲು ನಡೆದಿತ್ತು. ನಾವು ಹೊರಟಿದ್ದು ಫುಟ್‌ಬಾಲ್ ನೋಡಲು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ನಾಲ್ಕೂರಿನ ತಂಡಗಳು ಆಡುವ ಪಂದ್ಯಾವಳಿಯಲ್ಲಿ ಅಂದು ಕೊನೆಯ ಆಟ. ನಮಗೂ ಇಳಕಲ್ಲಿನವರಿಗೂ. ಬಾಗಲಕೋಟೆಯವರನ್ನೂ ಹುನಗುಂದದವರನ್ನೂ ಸೋಲಿಸಿ ನಾವು ಮುಂದಿದ್ದೆವು. ಇಳಕಲ್ಲಿನವರು ಒಂದು ಗೆದ್ದು ಒಂದು ಡ್ರಾ ಮಾಡಿಕೊಂಡಿದ್ದರು. ಅಂದರೆ ಕಪ್ಪಿಗೆ ನಮಗೊಂದು ಡ್ರಾ ಸಾಕಿತ್ತು. ಆ ದಿನದ ನನ್ನ ಸಿಟ್ಟಿಗೆಲ್ಲ ಈ 'ಸಾಕು' ಎಂಬ ಮಾತೇ ಮೂಲ.

ಗಾಡಿಯಲ್ಲಿ ಒಂಬತ್ತು ಜನರಿದ್ದೆವು. ಓಡಿಸುತ್ತಿದ್ದವನು ರಫೀಕ್, ಗಾಡಿಯ ಮಾಲೀಕನೂ ಅವನೇ. ಸ್ಟೇರಿಂಗಿನ ಮೇಲಿರುವುದಕ್ಕಿಂತ ಹೆಚ್ಚು ಹೊತ್ತು ಅವನ ಕೈ ಗಾಳಿಯಲ್ಲಿರುತ್ತದೆ. ಅವನ ಬಾಜೂ ಹಾರ್ಡ್‌ವೇರ್ ಅಂಗಡಿಯ ವೀರಣ್ಣ, ಮೊಳೆಯನ್ನೂ ಎಣಿಸಿ ಕೊಡುವ ಮನುಷ್ಯ. ಹಿಂದೆ ನಾನು. ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಪ್ರಾಯದಲ್ಲಿ ಬಾದಾಮಿ ತಂಡದ ಗೋಲ್‌ಕೀಪರ್ ಆಗಿದ್ದೆ. ನನ್ನ ಪಕ್ಕದಲ್ಲಿ, ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಗಂಗವ್ವ ಕೂತಿದ್ದಳು. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವ ಗಂಗವ್ವ ನಮ್ಮ ಮಾಂತೇಶನ ತಾಯಿ. ಈ ಸಲ ನಾವು ಹೊಡೆದ ಆರು ಗೋಲಿನಲ್ಲಿ ಐದು ಮಾಂತೇಶನವು. ವಿದ್ಯುತ್ ಕಂಬ ಹತ್ತುವ ಕೆಲಸ ಅವನದು. ವಯಸ್ಸು ಮೂವತ್ಮೂರು, ಬಲಗಡೆಯ ಮೊಣಕಾಲು ಮಾತು ಕೇಳುತ್ತಿಲ್ಲ. ಈ ಆಟ ಮುಗಿಯಿತೆಂದರೆ ಬೂಟು ಬಿಚ್ಚಿಡುತ್ತೇನೆ ಎಂದು ಅವನೇ ಎಲ್ಲರೆದುರು ಹೇಳಿದ್ದ. ಅದಕ್ಕೇ ಗಂಗವ್ವ ಹೊರಟಿದ್ದಳು, ಜನ್ಮದಲ್ಲಿ ಮೊದಲ ಸಲ ಮಗನ ಆಟ ನೋಡಲು.

"ಹದಿನಾಲ್ಕ ವರ್ಷಾತ್ರಿ ಅಂವನ ಅಂಗಿ ಒಗ್ಯಾಕತ್ತು. ಆಟ ಮಾತ್ರ ಒಮ್ಮಿನೂ ನೋಡಿಲ್ಲ" ಅಂದಳು. "ಆದ್ರ ಅಂಗಿ ನೋಡಿದ್ರ ನನಗ ಎಲ್ಲಾ ತಿಳೀತೈತಿ. ಎದಿಗೆ ಮಣ್ಣ ಹತ್ತಿದ್ರ ತಾನ ಬಿದ್ದಾನ, ಬೆನ್ನಿಗೆ ಹತ್ತಿದ್ರ ಯಾರೋ ಕೆಡವ್ಯಾರ. ಭಾಳ ಮಣ್ಣಿತ್ತಂದ್ರ ಭಾಳ ಆಡ್ಯಾನ."

ನಮ್ಮ ತಂಡದ ಅಂಗಿ ಬಿಳಿ. ಕೆಂಪು ಮಣ್ಣಿನ ಊರಿಗೆ ಬಿಳಿ ಅಂಗಿ ಆರಿಸಿದ ಪುಣ್ಯಾತ್ಮರು ಕಮಿಟಿಯವರು. ಆ ಕಮಿಟಿಯಲ್ಲಿ ನಾನೂ ಒಬ್ಬ. ಶಂಕ್ರಪ್ಪ ಮಾಸ್ತರನನ್ನು ಕೋಚ್ ಮಾಡಿದ ಕಮಿಟಿಯೂ ಅದೇ. ಅವನು ನನ್ನ ಓರಗೆಯವನು, ಒಂದೇ ತಂಡದಲ್ಲಿ ಆಡಿದವನು, ಸಾಲಿಯಲ್ಲಿ ಪಿ.ಟಿ. ಮಾಸ್ತರನಾಗಿದ್ದು ನಿವೃತ್ತನಾದವನು. ಅವನನ್ನೇ ಕೋಚ್ ಮಾಡಬೇಕೆಂದು ಕೈ ಎತ್ತಿದವರಲ್ಲಿ ನಾನೇ ಮೊದಲಿಗ. ಈಗ ಆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯುತ್ತಿಲ್ಲ.

ಪಟ್ಟದಕಲ್ಲಿನಲ್ಲಿ ಚಹಾಕ್ಕೆ ಇಳಿದೆವು. ಅಂಗಡಿಯವಳು ಅದೇ ಆಗ ಒಲೆ ಹಚ್ಚಿದ್ದಳು. ಮಲಪ್ರಭೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ತಂಡ ಹಿಂದಿನ ದಿನವೇ ಇಳಕಲ್ಲಿಗೆ ಹೋಗಿತ್ತು. ಅಂದು ಆಡುವ ಹನ್ನೊಂದು ಜನರ ಹೆಸರನ್ನು ಮಾಸ್ತರ ಅಲ್ಲಿಂದ ಮೊಬೈಲ್ ಗುಂಪಿಗೆ ಹಾಕಿದ್ದು ಆಗಲೇ. ವೀರಣ್ಣ ಗಟ್ಟಿಯಾಗಿ ಓದಿದ. ಹಿಂದೆ ಐದು ಜನ ಬ್ಯಾಕ್, ಅವರ ಮುಂದೆ ನಾಲ್ವರು, ಎಲ್ಲರಿಗಿಂತ ಮುಂದೆ ಒಬ್ಬನೇ ಒಬ್ಬ. ಆ ಒಬ್ಬನೂ ಮಾಂತೇಶನಲ್ಲ! ಮಾಂತೇಶನ ಹೆಸರು ಕೆಳಗೆ, ಹೊರಗೆ ಕೂರುವವರ ಸಾಲಿನಲ್ಲಿತ್ತು.

ರಫೀಕ್ ಕಪ್ಪುಬಸಿಯನ್ನು ಕಟ್ಟೆಯ ಮೇಲೆ ಕುಕ್ಕಿದ. "ಐದ ಮಂದಿ ಬ್ಯಾಕ್? ಇದೇನ್ ಆಟ ಆಡೂದೇನ್ರಿ, ಕೋಟೆ ಕಾಯೂದೇನ್ರಿ?"

"ಪಾಯಿಂಟ್ ನೋಡೋ ರಫೀಕಾ" ಅಂದ ವೀರಣ್ಣ. "ಡ್ರಾ ಆದ್ರ ಕಪ್ ನಮ್ದು. ಹಂಗಿದ್ದ ಮ್ಯಾಲೆ ಮುಂದ ಓಡಿ ಹೋಗಿ ಮುಖಾ ಯಾಕ ಒಡಸ್ಕೋಬೇಕು?"

"ಐದ ಗೋಲ ಹೊಡದಾಂವನ್ನ ಹೊರಗ ಕುಂಡ್ರಿಸಿ ಡ್ರಾ ಬೇಡೂದ? ಕೈಯಾಗ ಬೆಣ್ಣಿ ಇಟ್ಕೊಂಡ ತುಪ್ಪಕ್ಕ ಊರ ತಿರಗಿದಂಗಾತು!"

"ಲೇ, ಕಪ್ ಮನಿಗೆ ಬಂದ ಮ್ಯಾಲೆ ಹೆಂಗ ಬಂತಂತ ಯಾರೂ ಕೇಳೂದಿಲ್ಲ."

"ನಾ ಕೇಳ್ತೇನಿ" ಅಂದೆ ನಾನು. ಗಾಡಿಯೊಳಗೇ ಕೂತಿದ್ದ ಗಂಗವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನಾತ್ರಿ? ಯಾಕ ಬಾಯಿ ಮಾಡಾಕತ್ತೀರಿ?" ಎಂದು ಕೇಳಿದಳು. "ಏನಿಲ್ಲ ಯವ್ವಾ, ಚಹಾಕ್ಕ ಸಕ್ರಿ ಹೆಚ್ಚಾಗೇತಿ" ಅಂದ ರಫೀಕ್. ದಾರಿಯಲ್ಲಿ ಮಾಸ್ತರನ ಬುದ್ಧಿ ಬದಲಾದರೂ ಆದೀತು, ಅಲ್ಲಿಯವರೆಗೆ ಅವಳಿಗೆ ಹೇಳುವುದು ಬೇಡ ಎಂದು ನಾವು ನಾವೇ ತೀರ್ಮಾನ ಮಾಡಿಕೊಂಡೆವು.

ಐಹೊಳೆ ದಾಟಿ ಅಮೀನಗಡಕ್ಕೆ ಬಂದಾಗ ಎಂಟು ಗಂಟೆ. ವೀರಣ್ಣ ಕರದಂಟಿನ ಅಂಗಡಿಗೆ ಹೋಗಿ, ಗೆದ್ದ ಮೇಲೆ ಹಂಚಲು ಎಂದು ಎರಡು ಕಿಲೋ ಕಟ್ಟಿಸಿದ. ಆಡುವ ಮೊದಲೇ ಸಿಹಿ ಕಟ್ಟಿಸುವ ಧೈರ್ಯ ಉಳ್ಳವರಿಗೆ ಗೋಲು ಹೊಡೆಯುವ ಧೈರ್ಯ ಇಲ್ಲ, ನೋಡಿ. ನಾನು ರಸ್ತೆಯ ಆಚೆ ಹೋಗಿ ಮಾಸ್ತರನಿಗೆ ಫೋನ್ ಹಚ್ಚಿದೆ.

"ಮಾಸ್ತರ, ಮಾಂತ್ಯಾನ ಯಾಕ ಬಿಟ್ಟಿ?"

"ಬಿಟ್ಟಿಲ್ಲ. ಹೊರಗ ಕುಂಡ್ರಿಸೀನಿ."

"ಎರಡಕ್ಕೂ ಏನ ಫರಕ್ ಐತಿ?"

"ಅಂವ ಮುಂದ ಹೋದ್ರ ಹಿಂದಕ್ಕ ಬರೂದಿಲ್ಲ. ಮೊಣಕಾಲ ಬ್ಯಾರೆ ಹಂಗೈತಿ. ಇವತ್ತ ನನಗ ಹಿಂದಕ್ಕ ಬರೂ ಮಂದಿ ಬೇಕು."

"ಅಂವಂದ ಕಡೀ ಆಟ ಅದು. ಅವ್ವ ನೋಡಾಕ ಬಂದಾಳ, ನಮ್ಮ ಗಾಡ್ಯಾಗ ಅದಾಳ."

"ಇವತ್ತ ಸಂಭಾಳಿಸಿ ಆಡೂದೈತಿ" ಎಂದು ಹೇಳಿ ಇಟ್ಟುಬಿಟ್ಟ.

ಸಂಭಾಳಿಸುವುದು! ಆ ಮಾತನ್ನು ಅವನು ಈ ಪಂದ್ಯಾವಳಿ ಶುರುವಾದಾಗಿನಿಂದ ಜಪ ಮಾಡುತ್ತಿದ್ದಾನೆ. ಹಾಲಿಗೆ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಆರಿಸಿ ಕುಡಿದನಂತೆ. ಬಾಯಿ ಸುಟ್ಟಿದ್ದು ಎಲ್ಲಿ ಎಂದು ನನಗೆ ಗೊತ್ತಿತ್ತು. ಆದರೆ ಆ ವಿಚಾರವನ್ನು ಆಗ ಮನಸ್ಸಿಗೆ ತಂದುಕೊಳ್ಳಲಿಲ್ಲ. ಸಿಟ್ಟಿನಲ್ಲಿರುವವನಿಗೆ ತನಗೆ ಬೇಕಾದ್ದಷ್ಟೇ ನೆನಪಿರುತ್ತದೆ.

ಹುನಗುಂದದಲ್ಲಿ ಇಡ್ಲಿ ತಿಂದೆವು. ಪ್ಲೇಟಿಗೆ ಮೂವತ್ತು, ಚಟ್ನಿ ಖಾರ. ಹೋಟೆಲಿನ ಗಲ್ಲೆಯ ಮೇಲಿದ್ದವನು ನಮ್ಮ ಗಾಡಿಗೆ ಕಟ್ಟಿದ್ದ ಬಿಳಿ ಬಾವುಟ ನೋಡಿ ನಕ್ಕ. "ನಮಗ ಮೂರ ಗೋಲ ಹೊಡದ್ರಿ, ಸಿಟ್ಟಿಲ್ರಿ. ಇವತ್ತ ಡ್ರಾ ಮಾಡಾಕ ಹೊಂಟೀರಂತಲ್ಲ, ಅದಕ್ಕ ಬ್ಯಾಸರ" ಅಂದ. ಸೋತ ಊರಿನವನಿಗೂ ನಮ್ಮ ಮೇಲೆ ಕನಿಕರ. ತಲೆ ತಗ್ಗಿಸಿಕೊಂಡು ಕೈ ತೊಳೆದೆ.

ಇಳಕಲ್ ತಲುಪಿದಾಗ ಒಂಬತ್ತೂ ಮುಕ್ಕಾಲು. ಮೈದಾನದ ಒಂದು ಬದಿಗೆ ಶಾಮಿಯಾನ. ಅದರ ಕೆಳಗೆ ಕೋಚ್‌ಗಳಿಗೂ ಹೊರಗುಳಿದ ಆಟಗಾರರಿಗೂ ಪ್ಲಾಸ್ಟಿಕ್ ಕುರ್ಚಿ. ಎದುರು ಬದಿಯಲ್ಲಿ, ಗಣಿಯಿಂದ ತಂದು ಒಟ್ಟಿದ ಕೆಂಪು ಬಂಡೆಗಳ ಮೇಲೆ ನಾವು. ಹನ್ನೊಂದು ಗಂಟೆಗೆ ಆಟ ಶುರುವಾಗುವ ಹೊತ್ತಿಗೆ ಬಂಡೆ ಕಾದು ಕೂರಲಾಗುತ್ತಿರಲಿಲ್ಲ. ಗಂಗವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಿಳಿ ಅಂಗಿಯವರಲ್ಲಿ ಮಗನನ್ನು ಹುಡುಕಿದಳು. ಒಬ್ಬೊಬ್ಬರನ್ನೇ ನೋಡಿದಳು. ಕೇಳಿದರೆ ಏನು ಹೇಳುವುದು?

ಅವಳು ಕೇಳಲಿಲ್ಲ. ಮಗ ಕಂಡೇಬಿಟ್ಟ. "ಅಯ್ಯ, ಅಲ್ಲಿ ನೋಡ್ರಿ!" ಎಂದು ನನ್ನ ತೋಳು ಹಿಡಿದು ಅಲುಗಾಡಿಸಿದಳು. "ಮಾಸ್ತರ ಬಾಜೂಕ ಕುರ್ಚಿ ಹಾಕಿ ಕುಂಡ್ರಿಸ್ಯಾರ! ಇವ್ರೆಲ್ಲಾ ಬಿಸಲಾಗ ಓಡಾಕತ್ತಾರ, ನನ್ನ ಮಗ ನೆಳ್ಳಾಗ ಕುಂತಾನ! ಕಡೀ ಆಟ ಅಂತ ಮರ್ಯಾದಿ ಮಾಡ್ಯಾರ್ರಿ ಅಂವಗ."

ನಮ್ಮ ಕಡೆ ಪೆಂಡಾಲಿನ ಕೆಳಗೆ ಕುರ್ಚಿ ಸಿಕ್ಕುವುದೆಂದರೆ ಸಣ್ಣ ಮಾತಲ್ಲ. ಬೀಗರಿಗೆ ಕುರ್ಚಿ, ಸಾಹೇಬರಿಗೆ ಕುರ್ಚಿ, ಹಾರ ಹಾಕಿಸಿಕೊಳ್ಳುವವರಿಗೆ ಕುರ್ಚಿ. ಉಳಿದವರಿಗೆ ಜಮಖಾನೆ. ಅವಳು ಕಂಡಿದ್ದು ಅದನ್ನೇ. ರಫೀಕ್ ಮುಖ ತಿರುಗಿಸಿಕೊಂಡ. "ಕುರ್ಚಿ ಮ್ಯಾಲೆ ಕುಂತಿದ್ದು ಒಂದ ಫೋಟೋ ತಗೀರಿ" ಎಂದಳು ನನಗೆ. ಅವನ ಕೊನೆಯ ಗೋಲಿನ ಚಿತ್ರ ಹಿಡಿಯಲೆಂದು ದೊಡ್ಡ ಲೆನ್ಸ್ ಹೊತ್ತು ತಂದಿದ್ದೆ. ಅದರಲ್ಲೇ ಕುರ್ಚಿಯ ಚಿತ್ರ ತೆಗೆದೆ. ಲೆನ್ಸಿನಲ್ಲಿ ಮಾಂತೇಶನ ಮುಖ ಹತ್ತಿರ ಬಂತು. ಅವನು ಚೆಂಡನ್ನು ನೋಡುತ್ತಿರಲಿಲ್ಲ, ತನ್ನ ಬೂಟಿನ ಲೇಸನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದ.

ಆಟದ ಬಗ್ಗೆ ಏನು ಬರೆಯಲಿ? ಬರೆಯುವಂಥದ್ದು ನಡೆದಿದ್ದರೆ ತಾನೇ. ಚೆಂಡು ಬಂದರೆ ನಮ್ಮವರು ಹೊರಗೆ ಒದ್ದರು, ಮತ್ತೆ ಬಂದರೆ ಮತ್ತೆ ಒದ್ದರು. ಎರಡು ಸಲ ಕಂಪೌಂಡು ದಾಟಿಸಿದರು. ಗೋಲ್‌ಕೀಪರ್ ಒಂದೊಂದು ಕಿಕ್‌ಗೂ ಮಗ್ಗಿ ಹೇಳುವಷ್ಟು ಹೊತ್ತು ತೆಗೆದುಕೊಂಡ. ಇಳಕಲ್ಲಿನವರು ಒಮ್ಮೆ ಕಂಬಕ್ಕೆ ಹೊಡೆದರು. ಮುಂದಿದ್ದ ನಮ್ಮ ಒಬ್ಬನೇ ಆಟಗಾರ ಎದುರಾಳಿಗಳ ನಡುವೆ ದಾರಿ ತಪ್ಪಿದವನ ಹಾಗೆ ಅಲೆದಾಡಿದ. ಅರ್ಧ ಆಟ ಮುಗಿಯಿತು, ಸೊನ್ನೆ ಸೊನ್ನೆ.

ಪಕ್ಕದ ಬಂಡೆಯ ಮೇಲೆ ಇಳಕಲ್ಲಿನ ವಯಸ್ಸಾದ ನೇಕಾರರೊಬ್ಬರು ಕೂತಿದ್ದರು. ಕೈಮಗ್ಗದ ಮನುಷ್ಯ. ಅಷ್ಟು ಹೊತ್ತು ತಡೆದುಕೊಂಡಿದ್ದವರು ಕೊನೆಗೆ ಕೇಳಿಯೇಬಿಟ್ಟರು.

"ತಪ್ಪ ತಿಳೀಬ್ಯಾಡ್ರಿ. ನಾವು ಸೀರಿ ನೇಯವ್ರು. ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡೂ ಎಳಿಗೆ ಎಳಿ ಸೇರಿಸಿ ಕೊಂಡಿ ಹಾಕಿದ್ರ ಸೀರಿ. ನೀವು ಮುಂಜಾನಿಂದ ಬರೇ ಒಡಲ ನೇಯಾಕತ್ತೀರಿ. ಸೆರಗ ಎಲ್ಲೈತಿ?"

ನಾನು ಶಾಮಿಯಾನದ ಕಡೆ ಕೈ ತೋರಿಸಿದೆ. "ಅಲ್ಲಿ ಕುರ್ಚಿ ಮ್ಯಾಲೆ ಐತ್ರಿ."

"ಮಡಚಿ ಇಟ್ಟೀರೇನು?" ಎಂದು ಅವರು ನಗದೆಯೇ ಕೇಳಿದರು. ಎದುರಾಳಿ ಊರಿನ ಮನುಷ್ಯ ನಮ್ಮ ಆಟ ನೋಡಿ ಮರುಗುವ ಗತಿ ಬಂತಲ್ಲ ಎಂದು ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಇನ್ನು ಹತ್ತು ನಿಮಿಷ ಉಳಿದಿರುವಾಗ ಮಾಂತೇಶ ಎದ್ದ. ಗೆರೆಯ ಗುಂಟ ಓಡಿ ಮೈ ಬಿಸಿ ಮಾಡಿಕೊಂಡ. ಬಂಡೆಗಳ ಮೇಲಿದ್ದ ನಾವೆಲ್ಲ ಎದ್ದು ನಿಂತು ಅವನ ಹೆಸರು ಹಿಡಿದು ಕೂಗಿದೆವು. ಇಳಕಲ್ಲಿನ ಕೆಲವರೂ ಕೂಗಿದರು. ಮಾಸ್ತರ ಅವನ ಕಡೆ ನೋಡಿದ, ಗಡಿಯಾರ ನೋಡಿದ. ಆಮೇಲೆ ದಣಿದಿದ್ದ ಒಬ್ಬ ಬ್ಯಾಕನ್ನು ಕರೆದು, ಇನ್ನೊಬ್ಬ ಬ್ಯಾಕನ್ನು ಒಳಗೆ ಕಳಿಸಿದ! ಮಾಂತೇಶ ಮೆಲ್ಲಗೆ ನಡೆದು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತ. "ಮತ್ತ ಕುಂಡ್ರಂತ ಹೇಳಿದ್ರು ನೋಡ್ರಿ, ಎಷ್ಟ ಕಾಳಜಿ" ಅಂದಳು ಗಂಗವ್ವ.

ಸೊನ್ನೆ ಸೊನ್ನೆಗೆ ಆಟ ಮುಗಿಯಿತು, ಕಪ್ ನಮ್ಮದಾಯಿತು. ಚಪ್ಪಾಳೆ ಎಷ್ಟು ಬಿತ್ತೆಂದರೆ, ಹೊಡೆದವರ ಹೆಸರು ಹೇಳಬಹುದು.

ಊಟ ಮುಗಿಸಿ ಎರಡು ಗಂಟೆಗೆ ಹೊರಟೆವು. ತಂಡದ ಟೆಂಪೋದಲ್ಲಿ ಬೆನ್ನು ನೋಯುತ್ತದೆಂದು ಮಾಸ್ತರ ನಮ್ಮ ಗಾಡಿಗೇ ಬಂದು ಮುಂದೆ ಕೂತ, ಕಪ್ ತೊಡೆಯ ಮೇಲೆ. ತಾಯಿಯ ಜೊತೆ ಬರಲೆಂದು ಮಾಂತೇಶ ಹಿಂದೆ ಹತ್ತಿದ, ಅವನ ಚೀಲ ಗಂಗವ್ವನ ಕಾಲ ಬುಡದಲ್ಲಿ. ಅಮೀನಗಡ ದಾಟಿದ ಮೇಲೆ ವೀರಣ್ಣ ಕರದಂಟಿನ ಪೊಟ್ಟಣ ಬಿಚ್ಚಿ ಹಿಡಿದ. ಯಾರ ಕೈಯೂ ಮುಂದೆ ಬರಲಿಲ್ಲ. ಕೊನೆಗೆ ಮಾಸ್ತರನೇ ಬಾಯಿ ಬಿಟ್ಟ.

"ಕಪ್ ಬೇಕಂದ್ರಿ, ಕಪ್ ತಂದೀನಿ. ಇನ್ನೇನ ಬೇಕ್ರಿ ನಿಮಗ?"

"ಆಟ ಬೇಕಿತ್ತು" ಅಂದೆ. "ಹೆದರಕೊಂಡ ತಂದ ಕಪ್ಪಿನ್ಯಾಗ ನಾಳೆ ಏನ ಕುಡೀತಿ ಮಾಸ್ತರ?"

ಅವನು ಪೂರ್ತಿ ಹಿಂದಕ್ಕೆ ತಿರುಗಿ ಕೂತ. "ಹೆದರಿಕಿ? ಹೌದು, ಹೆದರೀನಿ. ನಾವು ಆಡೂ ಕಾಲಕ್ಕೂ ಇದ ಇಳಕಲ್ಲು, ಇದ ಮೈದಾನ. ಆವತ್ತೂ ಡ್ರಾ ಆದ್ರ ಸಾಕಿತ್ತು. ಎರಡ ಗೋಲ ಹೊಡದ ಮ್ಯಾಲೂ ಎಲ್ಲಾರೂ ಮುಂದ ಓಡಿದ್ವಿ, ಮೂರ ತಿಂದ್ವಿ. ಗೋಲಿನ್ಯಾಗ ಯಾರಿದ್ರು? ಕಂಬಾ ಹಿಡಕೊಂಡ ಅತ್ತಾವ್ರು ಯಾರು? ನೀ ಮರತಿರಬೇಕು, ನಾ ಮರತಿಲ್ಲ."

ಅತ್ತವನು ನಾನೇ. ಹಾಗಂತ ಸಿಟ್ಟು ಇಳಿಯಿತೇ? ಇಳಿಯಲಿಲ್ಲ. ನನ್ನ ಅಂದಿನ ಕಣ್ಣೀರಿಗೆ ಮಾಂತೇಶ ಯಾಕೆ ದಂಡ ತೆರಬೇಕು? ಅದನ್ನು ಹೇಳಬೇಕೆನ್ನುವಷ್ಟರಲ್ಲಿ ಗಂಗವ್ವ ನಡುವೆ ಬಂದಳು. "ಜಗಳಾ ಆಡಬ್ಯಾಡ್ರಿ. ಮಾಸ್ತರ, ನಿಮ್ಮಿಂದ ಭಾಳ ಉಪಕಾರ ಆತ್ರಿ. ನನ್ನ ಮಗಗ ಕುರ್ಚಿ ಕೊಟ್ಟ ಮರ್ಯಾದಿ ಮಾಡಿದ್ರಿ." ಮಾಸ್ತರ ತಟ್ಟನೆ ಮುಂದಕ್ಕೆ ತಿರುಗಿಕೊಂಡ. ಮಾಂತೇಶ ಕಿಟಕಿಯ ಹೊರಗೆ ನೋಡತೊಡಗಿದ.

ಬಾದಾಮಿ ಮುಟ್ಟಿದಾಗ ಐದು ಗಂಟೆ. ಇಳಿಬಿಸಿಲಿಗೆ ಗುಡ್ಡಗಳು ಕೆಂಪಗೆ ಉರಿಯುತ್ತಿದ್ದವು. ನಿಲ್ದಾಣದ ಎದುರು ರಫೀಕ್ ಗಾಡಿ ನಿಲ್ಲಿಸಿದ. ಗಂಗವ್ವ ಇಳಿಯುವ ಮೊದಲು ಮಗನ ಚೀಲಕ್ಕೆ ಕೈ ಹಾಕಿದಳು. "ಅಂಗಿ ಕೊಡು, ಹೋದ ಕೂಡ್ಲೆ ನೆನೀ ಹಾಕ್ತೇನಿ."

"ಬ್ಯಾಡ ಬಿಡಬೇ" ಅಂದ ಮಾಂತೇಶ. ಅಷ್ಟರಲ್ಲಿ ಅವಳು ಅಂಗಿಯನ್ನು ಹೊರಗೆ ಎಳೆದಾಗಿತ್ತು. ಎರಡೂ ಕೈಯಲ್ಲಿ ಹಿಡಿದು ಬಿಡಿಸಿದಳು. ಎದೆ ನೋಡಿದಳು. ತಿರುಗಿಸಿ ಬೆನ್ನು ನೋಡಿದಳು. ಹಿಂದಿನ ದಿನ ಅವಳೇ ಹಾಕಿದ್ದ ಇಸ್ತ್ರಿಯ ಗೆರೆ ಕೂಡ ಅಳಿಸಿರಲಿಲ್ಲ.

"ಮಣ್ಣ ಹತ್ತಿಲ್ಲಲ್ಲೋ ಮಾಂತ್ಯಾ" ಅಂದಳು.

ಗಂಗವ್ವ ಅಂಗಿಯನ್ನು ಅದೇ ಗೆರೆಗಳ ಮೇಲೆ ಮಡಚಿದಳು. ಗಾಡಿಯಿಂದ ಇಳಿದು, ಮುಂದಿನ ಕಿಟಕಿಯ ಹತ್ತಿರ ಬಂದು, ಕಪ್ಪನ್ನು ಅವುಚಿಕೊಂಡು ಕೂತಿದ್ದ ಮಾಸ್ತರನನ್ನು ಕೇಳಿದಳು.

"ಹಂಗಾರ ಆ ಕುರ್ಚಿ ಯಾಕ ಕೊಟ್ರಿ, ಮಾಸ್ತರ?"