ರೊಟ್ಟಿ ಹೆಚ್ಚಾದ ದಿನ

ರೊಟ್ಟಿಯ ದರ ಏರಿದರೆ ಎಲ್ಲರೂ ಹೆದರುತ್ತಾರೆ. ನನಗೆ ಮಾತ್ರ ಕೆಲವು ತಿಂಗಳಿಂದ, ಅದು ಏರುತ್ತಲೇ ಇಲ್ಲವಲ್ಲ ಎಂಬ ಹೆದರಿಕೆ.

ನಾನು ಡ್ರಿಲ್ ಮಾಸ್ತರನಾಗಿದ್ದವನು. ನಿವೃತ್ತನಾದ ಮೇಲೂ ಮನೆಯ ಚಪ್ಪಲಿಗಳನ್ನು ಸಾಲಾಗಿ ನಿಲ್ಲಿಸದೆ ನೀರು ಕುಡಿಯುವುದಿಲ್ಲ. ದಿನವೂ ಅದೇ ಹೊತ್ತಿಗೆ ಡಬ್ಬಿ ಹಿಡಿದು ಗಂಗವ್ವನ ಮನೆಗೆ ಹೋಗುತ್ತೇನೆ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಅವಳು ರೊಟ್ಟಿ ಬಡಿದು ಮಾರುತ್ತಾಳೆ. ನನ್ನ ಹೆಂಡತಿ ಶಾಂತಾ ಬಿದ್ದು ಮುಂಗೈ ಮುರಿದುಕೊಂಡಾಗಿನಿಂದ ನಮ್ಮ ತಾಟಿಗೆ ಗಂಗವ್ವನದೇ ರೊಟ್ಟಿ. ಎಲುಬು ಕೂಡಿದೆ, ಬಲ ಕೂಡಿಲ್ಲ. ಗಂಗವ್ವ ನಿಲ್ಲಿಸಿದರೆ ಶಾಂತಾ ಮತ್ತೆ ಹಿಟ್ಟು ನಾದಲು ಕೂರುವವಳೇ, ಬೇಡವೆಂದರೂ ಕೇಳಳು. ನನ್ನ ಆಜ್ಞೆಗಳು ನಡೆದದ್ದು ಸಾಲಿಯ ಮೈದಾನದಲ್ಲಿ ಮಾತ್ರ.

ನಾನು ಚಿಕ್ಕವನಿದ್ದಾಗ ಜೋಳದ ರೊಟ್ಟಿಗೆ ದರವೇ ಇರಲಿಲ್ಲ. ಸವದತ್ತಿಯ ಖಾನಾವಳಿಯಲ್ಲಿ ದರವಿದ್ದದ್ದು ಊಟಕ್ಕೆ. ರೊಟ್ಟಿ ಸಾಕೆನ್ನುವತನಕ ತಾಟಿಗೆ ಬೀಳುತ್ತಿತ್ತು. ಗೋದಿ ತುಟ್ಟಿ, ಆದ್ದರಿಂದ ಚಪಾತಿ ಬೀಗರು ಬಂದಾಗ. ಬೇಕರಿಯ ಬ್ರೆಡ್ ಜ್ವರದವರಿಗೆ; ಅದನ್ನು ಹಿಡಿದು ಹೊರಟರೆ ದಾರಿಯುದ್ದಕ್ಕೂ "ಮನ್ಯಾಗ ಯಾರಿಗೆ ಆರಾಮಿಲ್ರಿ?" ಎಂಬ ವಿಚಾರಣೆ. ಈಗ ಬ್ರೆಡ್ಡು ಚಹಾದ ಜೊತೆಗಾರ, ಚಪಾತಿ ದಿನದ ಮಾತು, ಜೋಳ ಮಾತ್ರ ದರದಲ್ಲಿ ಗೋದಿಯನ್ನು ಹಿಂದೆ ಹಾಕಿ ಮೆರೆಯುತ್ತಿದೆ. ಅದೇ ಖಾನಾವಳಿಯಲ್ಲಿ ಮೂರನೆಯ ರೊಟ್ಟಿ ಕೇಳಿದರೆ ಬಡಿಸುವವನು ಮೊದಲು ಗಲ್ಲೆಯ ಮೇಲೆ ಕೂತ ಮಾಲೀಕನ ಕಡೆ ನೋಡುತ್ತಾನೆ.

ಇಷ್ಟಾದರೂ ಗಂಗವ್ವನ ದರ ನಿಂತಲ್ಲೇ ನಿಂತಿತ್ತು. ರೊಟ್ಟಿ ನಿಲ್ಲಲಿಲ್ಲ. ಮೊದಲು ಅದರ ಅಂಚು ತಾಟಿನ ಅಂಚಿನಿಂದ ಒಳಗೆ ಸರಿಯಿತು. ಆಮೇಲೆ ತೆಳ್ಳಗಾಯಿತು. ಒಂದು ದಿನ ಬೆಳಕಿಗೆ ಹಿಡಿದೆ. ಆಚೆಗೆ ಕಿಟಕಿಯ ಸರಳು ಕಂಡಂತಾಯಿತು.

"ರೊಟ್ಟಿ ತಿನ್ನಾಕ್ಹತ್ತೀರೋ, ನನ್ನ ಕೈ ಎಕ್ಸರೇ ನೋಡಾಕ್ಹತ್ತೀರೋ?" ಎಂದಳು ಶಾಂತಾ.

ನನಗೆ ನಗು ಬರಲಿಲ್ಲ. ದರ ಏರಿಸಲು ಸಂಕೋಚಪಡುವವರು ಒಂದು ದಿನ ಸದ್ದಿಲ್ಲದೆ ಬಾಗಿಲು ಹಾಕುತ್ತಾರೆ.

ಮೊನ್ನೆ ಸೋಮವಾರ ಹೋದಾಗ ಗಂಗವ್ವ ಕಾಣಲಿಲ್ಲ. ಒಲೆ ತಣ್ಣಗಿತ್ತು. ಅವಳ ಸೊಸೆ ನೀಲವ್ವ ಬಾಗಿಲಲ್ಲಿ ನಿಂತು ಹೇಳಿದಳು: "ಇವತ್ತಿನಿಂದ ರೊಟ್ಟಿ ಹೆಚ್ಚಾಗ್ಯಾವ್ರಿ, ಮಾಸ್ತರ್ರ."

ನಮ್ಮಲ್ಲಿ ಕುಂಕುಮ ತೀರಿತು ಎನ್ನುವುದಿಲ್ಲ, ಬಳೆ ಒಡೆಯಿತು ಎನ್ನುವುದಿಲ್ಲ. ಕೆಟ್ಟ ಮಾತು ಬಾಯಿಂದ ಬರಬಾರದೆಂದು ಎಲ್ಲವನ್ನೂ ಹೆಚ್ಚಾಯಿತು ಎನ್ನುತ್ತೇವೆ. ಇವತ್ತಿನಿಂದ ಹೆಚ್ಚಾದುವು ಎಂದರೆ ಮುಗಿದೇ ಹೋದುವು! ಗಂಗವ್ವನಿಗೆ ಏನಾಯಿತೆಂದೂ ಕೇಳದೆ ಬರಿ ಡಬ್ಬಿ ಹಿಡಿದು ಮನೆಗೆ ತಿರುಗಿದೆ.

ಬರಿ ಡಬ್ಬಿಯನ್ನು ನೋಡಿದ ಶಾಂತಾ ಹಿಟ್ಟಿನ ಡಬ್ಬಿಗೆ ಕೈ ಹಾಕಿದಳು. ಅದೇ ಕೈ. ಮುಚ್ಚಳ ತಿರುವುವಾಗಲೇ ನೋವಿಗೆ ಅವಳು ಮುಖ ಕಿವುಚಿದಳು.

ಅಷ್ಟರಲ್ಲಿ ಅಂಗಳದಿಂದ ಗಂಗವ್ವನ ದನಿ: "ಏನ್ರೀ ಮಾಸ್ತರ್ರ, ದರ ಹೆಚ್ಚಾತು ಅಂದಕೂಡ್ಲೆ ಓಡಿ ಬರೋದೇನ್ರಿ? ಗಿರಣಿಯಿಂದ ಹಿಟ್ಟು ಬೀಸ್ಕೊಂಡು ಬರೂತನಕ ಕುಂದ್ರಬಾರ್ದ? ಇಷ್ಟ ಜೀನ ಅದೀರಂತ ಗೊತ್ತಿರ್ಲಿಲ್ಲ ಬಿಡ್ರಿ!"

ಓಣಿಗೆಲ್ಲ ಕೇಳುವಂತೆ ಜಿಪುಣನೆನಿಸಿಕೊಂಡು ಇಷ್ಟು ಸುಖಪಟ್ಟವನು ಈ ಊರಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಶಾಂತಾ ಮುಚ್ಚಳವನ್ನು ಮತ್ತೆ ಬಿಗಿದಳು.

ಮರುದಿನದ ರೊಟ್ಟಿಯಲ್ಲಿ ಕಿಟಕಿ ಕಾಣಲಿಲ್ಲ. ಆದರೂ ಹೆದರಿಕೆ ಪೂರ್ತಿ ಹೋಗಿಲ್ಲ. ಗಂಗವ್ವನ ರೊಟ್ಟಿ ಆಗಾಗ ಹೆಚ್ಚಾಗಲಪ್ಪಾ ಎಂದು ದಿನವೂ ಬೇಡಿಕೊಳ್ಳುತ್ತೇನೆ. ಯಾವ ಅರ್ಥದಲ್ಲಿ ಎಂಬುದನ್ನು ಮಾತ್ರ ದೇವರಿಗೆ ಬಿಡಿಸಿ ಹೇಳುತ್ತೇನೆ.